ಅಮ್ಮ ಬಂದ ಒಂಬತ್ತು ದಿನ

ನಿಟ್ಟೂರು, ಗುಬ್ಬಿ ತಾಲ್ಲೂಕು
೨೦-೮-೨೦೦೮, ಬುಧವಾರ

ಪ್ರೀತಿಯ ಮಗಳು ಶಾಂತಲಾಳಿಗೆ ನಿನ್ನ ಮಾವ ವೆಂಕಟರಂಗಯ್ಯನ ಆಶೀರ್ವಾದಗಳು.

ನೀನು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಹುತ್ರಿದುರ್ಗದ ತವರಿಗೆ ಹೋದಾಗಲೆಲ್ಲ ನಿನಗೆ ಚಿ. ಸೌ. ಎಂದು ಹಾಕಿ ಕಾಗದ ಬರೆಯುತ್ತಿದ್ದೆ. ಲಕ್ಷ್ಮೀಕಾಂತ ಹೋಗಿ ನಾಲ್ಕು ವರ್ಷವಾಯಿತು. ಈಗ ಆ ‘ಸೌ’ ಹಾಕಿದರೆ ಶಾಸ್ತ್ರ ತಪ್ಪುತ್ತದೆ, ಬಿಟ್ಟರೆ ನನ್ನ ಹೊಟ್ಟೆ ಉರಿಯುತ್ತದೆ. ಕಾಗದ ಬರೆಯುವ ಕ್ರಮವನ್ನು ಇಷ್ಟುದ್ದ ಮಾಡಿಟ್ಟ ನಮ್ಮ ಹಿರಿಯರು ಗಂಡ ಸತ್ತ ಹೆಣ್ಣುಮಗಳಿಗೆಂದು ಒಂದು ಒಳ್ಳೆಯ ಮಾತು ಇಟ್ಟಿಲ್ಲ ನೋಡು. ಅದಕ್ಕೇ ಮಗಳು ಎಂದು ಬರೆದಿದ್ದೇನೆ, ಯಾರಪ್ಪನ ಅಪ್ಪಣೆಯೂ ಬೇಕಿಲ್ಲ. ಹುಬ್ಬಳ್ಳಿಯ ಹವೆ ಹಿಡಿಸಿತೇ? ಮುದ್ದೆ ನುಂಗಿ ಬೆಳೆದ ಹೊಟ್ಟೆಗೆ ಆ ಜೋಳದ ರೊಟ್ಟಿ ಒಗ್ಗಿತೇ? ಹೋಗುವಾಗ ನಿನಗೆ ಒಣಕೆಮ್ಮು ಇತ್ತು, ಅದು ಪೂರ್ತಿ ಹೋಯಿತೋ ಇಲ್ಲವೋ ಸರಿಯಾಗಿ ತಿಳಿಸು. ನಿನ್ನ ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದೀಯ ತಾನೇ? ಹಾಸ್ಟೆಲಿನಲ್ಲಿ ಪಕ್ಕದ ಹಾಸಿಗೆಯವಳು ನೋಡುತ್ತಾಳೆ, ಕೇಳುತ್ತಾಳೆ ಎಂದು ಒಂದು ಹೊತ್ತೂ ತಪ್ಪಿಸಬೇಡ. ಇದನ್ನು ನಿನಗೆ ಹೇಳುವ ಯೋಗ್ಯತೆ ನನಗೆಷ್ಟಿದೆ ಎಂಬುದು ಮುಂದೆ ಓದಿದರೆ ಗೊತ್ತಾಗುತ್ತದೆ.

ಫೋನು ಬಿಟ್ಟು ಕಾಗದ ಯಾಕೆ ಎಂದು ಗಾಬರಿಯಾಗಬೇಡ. ತನುಶ್ರೀ ಮನೆಯಲ್ಲೇ ಇದ್ದಾಳೆ, ಈಗ ನನ್ನ ಎದುರಿಗೇ ಕೂತು ಬಣ್ಣದ ಪೆನ್ಸಿಲು ಕೆತ್ತುತ್ತಿದ್ದಾಳೆ, ಜೀವಕ್ಕೆ ಏನೂ ಆಗಿಲ್ಲ. ಇದನ್ನು ಎರಡು ಸಲ ಓದಿಕೋ, ಆಮೇಲೆ ಮುಂದಿನ ಸಾಲಿಗೆ ಬಾ. ನಮಗೆ ಫೋನು ಎಂದರೆ ಗುಂಡಯ್ಯನ ಅಂಗಡಿಯ ಫೋನು. ನಾನು ರಿಸೀವರ್ ಎತ್ತಿದ ಕೂಡಲೇ ಅವನು ಸಕ್ಕರೆ ಪೊಟ್ಟಣ ಕಟ್ಟುವುದನ್ನು ನಿಲ್ಲಿಸುತ್ತಾನೆ, ಬೆಂಚಿನ ಮೇಲೆ ಕೂತವರು ಬೀಡಿ ಎಳೆಯುವುದನ್ನು ಮರೆಯುತ್ತಾರೆ. ಮಗುವಿಗೆ ರಕ್ತ ಕಮ್ಮಿ, ಅದಕ್ಕೆ ತಿಂಗಳಿಗೊಂದು ಸಲ ತುಮಕೂರಿನ ಆಸ್ಪತ್ರೆ ಎಂದು ಊರಿಗೆಲ್ಲ ಹೇಳಿಟ್ಟಿದ್ದೇವಲ್ಲ, ಆ ಬೆಂಚಿನ ಪಕ್ಕ ನಿಂತು ನಾನು ಎಚ್‌ಐವಿ ಎಂಬ ಮಾತು ಎತ್ತುವುದು ಹೇಗೆ? ಹಾಗಾಗಿ ಭಾನುವಾರ ಭಾನುವಾರ ನೀನು ಕೇಳಿದಾಗಲೆಲ್ಲ “ಎಲ್ಲಾ ಚೆನ್ನಾಗೈತೆ ಕಣಮ್ಮ, ನೀನು ನೆಮ್ಮದಿಯಾಗಿ ಟ್ರೈನಿಂಗ್ ಮುಗ್ಸು” ಎನ್ನುತ್ತಾ ಬಂದೆ. ಜೂನ್ ತಿಂಗಳ ಮಧ್ಯದಿಂದ ಆ ಮಾತಿನಲ್ಲಿ ಮುಕ್ಕಾಲು ಸುಳ್ಳು. ನಿಜ ಹೇಳಿದರೆ ನೀನು ಮಾರನೆಯ ದಿನವೇ ಟ್ರಂಕು ಹೊತ್ತು ರೈಲು ಹತ್ತುತ್ತೀಯ, ಕೌನ್ಸೆಲರ್ ಕೆಲಸ ಕೈತಪ್ಪುತ್ತದೆ ಎಂಬ ಭಯ ನಮಗೆ. ಮೂರು ತಿಂಗಳು ತಾಯಿ ಇಲ್ಲದೆ ಒಂದು ಮಗುವನ್ನು ನೋಡಿಕೊಳ್ಳಲು ಇಬ್ಬರು ಮುದುಕರಿಗೆ ಆಗಲಿಲ್ಲ ಎಂಬ ಮಾತು ಬರಬಾರದು ಎಂಬ ಜಂಬವೂ ಇತ್ತು ಅನ್ನು.

ನೀನು ಹೊರಟ ಎರಡು ವಾರಕ್ಕೆ ತನುವಿನ ಕ್ಲಾಸಿನಲ್ಲಿ ನಾಲ್ಕು ಮಕ್ಕಳಿಗೆ ಅಮ್ಮ ಆಯಿತು. ಸೀತಾಳೆ ಸಿಡುಬು. ಆ ಮಕ್ಕಳಿಗೆ ಅಲ್ಲೊಂದು ಇಲ್ಲೊಂದು ನೀರುಗುಳ್ಳೆ, ಒಂದು ವಾರಕ್ಕೆಲ್ಲ ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದವು. ನಮ್ಮ ತನುವಿಗೆ ಜೂನ್ ಹದಿನಾಲ್ಕು, ಶನಿವಾರ ಬೆಳಿಗ್ಗೆ ಜ್ವರ ಬಂತು. ಭಾನುವಾರ ಸಂಜೆಯ ಹೊತ್ತಿಗೆ ತಲೆಕೂದಲ ಬುಡದಿಂದ ಅಂಗಾಲಿನವರೆಗೆ ಸಾಸಿವೆ ಇಡಲು ಜಾಗವಿರಲಿಲ್ಲ. ಬಾಯೊಳಗೆ, ರೆಪ್ಪೆಯ ಒಳಗೆ, ಎಲ್ಲೆಲ್ಲೂ. ನೀರು ಕುಡಿದರೂ ಅಳುತ್ತಿತ್ತು. ಎಲ್ಲ ಮಕ್ಕಳಿಗೂ ಬರುವ ಕಾಯಿಲೆ ನಮ್ಮ ಮನೆಗೆ ಬಂದಾಗ ಮಾತ್ರ ಹೀಗೆ ಹತ್ತುಪಟ್ಟು ಯಾಕೆ ಬರುತ್ತದೆ ಎಂದು ಅವತ್ತು ದೇವರ ಫೋಟೋ ನೋಡಿ ಬೈದೆ. ನಿನ್ನತ್ತೆ ಬಂದು ಬಾಯಿ ಮುಚ್ಚಿಸಿದಳು. ಅಮ್ಮ ಇರುವ ಮನೆಯಲ್ಲಿ ಬೈಗುಳ ಕೂಡದಂತೆ.

ನಮ್ಮ ಮನೆಗಳ ಕ್ರಮ ನಿನಗೆ ಗೊತ್ತೇ ಇದೆ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು. ಒಗ್ಗರಣೆ ಚುರ್ ಎನ್ನುವಂತಿಲ್ಲ. ಹೊರಗಿನವರು ಒಳಗೆ ಬರುವಂತಿಲ್ಲ, ಒಳಗಿನವರು ಪರಸ್ಥಳಕ್ಕೆ ಹೋಗುವಂತಿಲ್ಲ. ಮಗುವನ್ನು ಗದರುವಂತಿಲ್ಲ, ಗದರಿದರೆ ಅಮ್ಮನನ್ನೇ ಗದರಿದ ಹಾಗೆ. ಮೂರು ಸಲ ಬೇವಿನ ನೀರು ಹಾಕಿ, ಮೊಸರನ್ನದ ಎಡೆ ಇಟ್ಟು ಅವಳನ್ನು ತಣ್ಣಗೆ ಕಳಿಸಿಕೊಡುವವರೆಗೆ ಸೂಜಿ, ಔಷಧಿ, ಮಾತ್ರೆ ಎಂಬ ಮಾತೇ ಬಾಯಿಗೆ ಬರಕೂಡದು. ಮೊಸರನ್ನ, ಬೇವು, ಎಳನೀರು ಎಲ್ಲ ಸರಿ ಶಾಂತಲಾ, ಅದಕ್ಕೆ ನನ್ನದೇನೂ ತಕರಾರಿಲ್ಲ. ಆದರೆ ಬೆಳಿಗ್ಗೆ ಎಂಟಕ್ಕೆ ಒಂದು, ರಾತ್ರಿ ಎಂಟಕ್ಕೆ ಒಂದು ಎಂದು ಒಂದೂವರೆ ವರ್ಷದಿಂದ ನೀನು ಒಂದು ಹೊತ್ತೂ ಬಿಡದೆ ಕೊಡುತ್ತಿದ್ದ ಮಾತ್ರೆ ಇದೆಯಲ್ಲ, ಅದನ್ನೂ ಸೇರಿಸಿ ನಿನ್ನತ್ತೆ ನಿಲ್ಲಿಸಿಬಿಟ್ಟಳು. ಡಬ್ಬವನ್ನು ಎತ್ತಿ ದೇವರ ಗೂಡಿನಲ್ಲಿ ಇಟ್ಟು, “ಅಮ್ಮ ಮೈಮ್ಯಾಲೆ ಇರೋಗಂಟ ಇದು ಬ್ಯಾಡ, ಉಗ್ರ ಆಗ್ತಾಳೆ” ಎಂದಳು. ನೀನು ಹೋಗುವಾಗ ಆ ಡಬ್ಬವನ್ನು ನನ್ನ ಕೈಗೆ ಕೊಟ್ಟು, ಜ್ವರ ಬರಲಿ, ವಾಂತಿಯಾಗಲಿ, ಇದೊಂದು ಮಾತ್ರ ನಿಲ್ಲಬಾರದು ಮಾವ ಎಂದು ಮೂರು ಸಲ ಹೇಳಿದ್ದು ಅವಳ ಕಿವಿಗೂ ಬಿದ್ದಿತ್ತು. ಆದರೂ ಒಂಬತ್ತು ದಿನ ಆ ಡಬ್ಬ ಗೂಡಿನಿಂದ ಇಳಿಯಲಿಲ್ಲ. ಓದುಬರಹ ಇಲ್ಲದ ಹೆಂಗಸಿಗೆ ಏನು ಹೇಳುವುದು? ನಲವತ್ತೆರಡು ವರ್ಷ ಸಂಸಾರ ಮಾಡಿದ್ದೇನೆ, ಈ ವಿಷಯಗಳಲ್ಲಿ ಅವಳಿಗೆ ಅವರವ್ವ ಹೇಳಿದ್ದೇ ವೇದ.

ಒಂಬತ್ತನೆಯ ದಿನ ಮೂರನೇ ನೀರು ಹಾಕಿದ ಮೇಲೆ ಮತ್ತೆ ಮಾತ್ರೆ ಶುರುವಾಯಿತು. ಮಗುವೂ ನಿಧಾನವಾಗಿ ಚೇತರಿಸಿಕೊಂಡಿತು, ಮುಖದ ಮೇಲೆ ಕಲೆ ಉಳಿದಿವೆ, ನೋಡಿ ಅಳಬೇಡ. ಜುಲೈ ಮೊದಲ ವಾರ ತುಮಕೂರಿಗೆ ಹೋಗುವ ದಿನ ಬಂತು. ಅಲ್ಲಿ ಕೌನ್ಸೆಲರ್ ಮೇಡಂ ಡಬ್ಬವನ್ನು ಮೇಜಿನ ಮೇಲೆ ಸುರಿದು, ಉಳಿದ ಮಾತ್ರೆಗಳನ್ನು ಪೆನ್ನಿನ ತುದಿಯಲ್ಲಿ ಸರಿಸಿ ಸರಿಸಿ ಎಣಿಸುತ್ತಾರೆ ಎಂಬುದು ನಿನಗೆ ಗೊತ್ತು. ಮುಂದೆ ನೀನೂ ಅದೇ ಕುರ್ಚಿಯಲ್ಲಿ ಕೂತು ಅದೇ ಕೆಲಸ ಮಾಡುವವಳು. ಹದಿನೆಂಟು ಮಾತ್ರೆ ಜಾಸ್ತಿ ಉಳಿದಿದ್ದವು. ನಾನು ಏನು ಮಾಡಿದೆ ಗೊತ್ತೇ? ಹೊರಡುವ ದಿನ ಬೆಳಿಗ್ಗೆ ಆ ಹದಿನೆಂಟನ್ನೂ ಬಚ್ಚಲ ಒಲೆಗೆ ಹಾಕಿದೆ. ಎಣಿಸಿದಾಗ ಒಂದೂ ಹೆಚ್ಚುಕಮ್ಮಿ ಬರಲಿಲ್ಲ. ಮೇಡಂ ನಕ್ಕು “ತಾತ ಅಂದ್ರೆ ಹಿಂಗಿರ್ಬೇಕು” ಎಂದರು. ಹೊರಗೆ ಸಾಲಿನಲ್ಲಿ ಕೂತ ಬೇರೆ ಅಜ್ಜಿ ತಾತಂದಿರಿಗೂ ನನ್ನನ್ನು ತೋರಿಸಿ ಹೇಳಿದರು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನ ಡ್ರಿಲ್ ಮೇಷ್ಟ್ರಾಗಿ, ಪೀಟಿ ಪೀರಿಯಡ್ಡಿಗೆ ಎರಡು ನಿಮಿಷ ತಡವಾಗಿ ಬಂದ ಹುಡುಗರನ್ನು ಮೈದಾನದ ಸುತ್ತ ಓಡಿಸಿದ ನಾನು ಅವತ್ತು ಆ ಹೊಗಳಿಕೆಯನ್ನು ತಲೆ ತಗ್ಗಿಸದೆ ನುಂಗಿಕೊಂಡೆ. ಎಲ್ಲ ಯಾರಿಗಾಗಿ? ಅಷ್ಟು ಜನರ ಮುಂದೆ ನಿನ್ನತ್ತೆಯನ್ನು ಯಾರೂ ಬೈಯಬಾರದು ಎಂಬುದಕ್ಕೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ನನಗೆ ಒಲೆ ಉರಿದದ್ದು ಮೊದಲು, ಬುದ್ಧಿ ಬಂದದ್ದು ಆಮೇಲೆ.

ಅಷ್ಟಕ್ಕೇ ಮುಗಿದಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ. ಆಗಸ್ಟ್ ಎಂಟನೇ ತಾರೀಖು, ಸ್ಕೂಲಿನಲ್ಲಿ ಸ್ವಾತಂತ್ರ್ಯ ದಿನಾಚರಣೆಗೆ ಮಾರ್ಚ್‌ಪಾಸ್ಟ್ ಅಭ್ಯಾಸ. ಮೊಮ್ಮಗಳು ಮುಂದಿನ ಸಾಲಿನಲ್ಲಿದ್ದಾಳೆ ಎಂದು ನಾನೂ ಹೋಗಿ ಕಾಂಪೌಂಡಿನ ಆಚೆ ನಿಂತಿದ್ದೆ. ಎಡಗೈ ಬೀಸಲೇ ಇಲ್ಲ ಅವಳು. ಮನೆಗೆ ಬಂದ ಮೇಲೆ “ಏನ್ಲೇ, ಕೈ ಯಾಕೆ ಹಂಗೆ ಮುದುರ್ಕೊಂಡಿದ್ದೆ?” ಎಂದರೆ, “ಪಕ್ಕೆ ಉರೀತದೆ ತಾತ” ಎಂದಳು. ಅಂಗಿ ಎತ್ತಿ ನೋಡಿದರೆ ಎಡಪಕ್ಕೆಯ ಮೇಲೆ ಬೆನ್ನಿನಿಂದ ಎದೆಯವರೆಗೆ ಪಟ್ಟಿ ಎಳೆದ ಹಾಗೆ ಕೆಂಪು ಗುಳ್ಳೆ. ಸರ್ಪಸುತ್ತು. ಎಂಟು ವರ್ಷದ ಕೂಸಿಗೆ ಸರ್ಪಸುತ್ತು ಬಂದದ್ದನ್ನು ನಾನಂತೂ ಕಂಡಿರಲಿಲ್ಲ. ನಿನ್ನತ್ತೆ ಎದೆ ಬಡಿದುಕೊಂಡು, ತಲೆಯೂ ಬಾಲವೂ ಸೇರಿದರೆ ಜೀವ ಉಳಿಯಲ್ಲ ಎಂದು ಓಡಿಹೋಗಿ ಕುಂಬಾರರ ಮನೆಯಿಂದ ಕೆಮ್ಮಣ್ಣು ತಂದು ದಪ್ಪಗೆ ಮೆತ್ತಿದಳು. ಮೆತ್ತಿಕೊಳ್ಳಲಿ, ಆದರೆ ಡಾಕ್ಟರ ಹತ್ತಿರ ಹೋಗುವುದೇ ಎಂದು ನಾನು ಹಟ ಹಿಡಿದೆ. ಗುಂಡಯ್ಯನೇ ತನ್ನ ಟಿವಿಎಸ್‌ನಲ್ಲಿ ನನ್ನನ್ನೂ ಮಗುವನ್ನೂ ಕೂರಿಸಿಕೊಂಡು ಗುಬ್ಬಿಗೆ ಬಿಟ್ಟ. ಅವನ ಕಿವಿ ಕೆಟ್ಟದ್ದಿರಬಹುದು, ಮನಸ್ಸು ಒಳ್ಳೆಯದು.

ಗುಬ್ಬಿಯ ಆ ಪ್ರೈವೇಟ್ ಡಾಕ್ಟರ ಹೆಸರು ಬೇಡ ಬಿಡು. ಮೊದಲು ಮಗುವಿನ ಗಲ್ಲ ಸವರಿ, ಪಕ್ಕೆ ಮುಟ್ಟಿ ನೋಡಿ, ಚಾಕೊಲೇಟ್ ಕೊಟ್ಟರು. ಬೇರೆ ಏನಾದರೂ ಮಾತ್ರೆ ನಡೀತಾ ಇದೆಯಾ ಎಂದು ಕೇಳಿದರು. ಡಾಕ್ಟರ ಹತ್ತಿರ ಮುಚ್ಚಿಡಬಾರದು ಎಂದು ನೀನೇ ಹೇಳಿದ್ದೆಯಲ್ಲ, ತುಮಕೂರಿನ ಹಸಿರು ಪುಸ್ತಕ ತೆಗೆದು ಮೇಜಿನ ಮೇಲಿಟ್ಟೆ. ಕುರ್ಚಿ ಅರ್ಧ ಅಡಿ ಹಿಂದೆ ಹೋಯಿತು. ಕೈ ತೊಳೆದರು, ಮತ್ತೆ ತೊಳೆದರು. “ನೀವು ಮೊದ್ಲೇ ಹೇಳ್ಬೇಕಿತ್ತು. ಇಲ್ಲಿ ಬೇರೆ ಪೇಷಂಟ್‌ಗಳು ಬರ್ತಾರೆ” ಎಂದರು. ಎಂಬಿಬಿಎಸ್ ಓದಿದ ಮನುಷ್ಯ! ಇವರ ಕೈಗೆ ನೀರು ಸುರಿಯುವ ಬದಲು ತಲೆಗೆ ಸುರಿಯಬೇಕು ಎನ್ನಿಸಿತು. ಫೀಸು ಬೇಡ ಎಂದದ್ದಕ್ಕೆ ಇನ್ನೂ ಸಿಟ್ಟು ಬಂತು. ಮಗು ಬಾಗಿಲಿನಲ್ಲಿ ತಿರುಗಿ ನಿಂತು ಅವರಿಗೆ ಟಾಟಾ ಮಾಡಿತು ಕಣಮ್ಮ. ಅವರೂ ಮಾಡಿದರು ಅನ್ನು, ಗೋಡೆಯ ಕಡೆ ನೋಡಿಕೊಂಡು.

ಸೋಮವಾರ ನಾವು ಮೂವರೂ ತುಮಕೂರಿಗೆ ಹೋದೆವು. ಅಲ್ಲಿಯ ಡಾಕ್ಟರಮ್ಮ ಬಹಳ ಒಳ್ಳೆಯವರು, ನಿನ್ನ ಮೇಲೆ ಅವರಿಗೆ ಎಷ್ಟು ಅಭಿಮಾನ! ತಾವೇ ಹತ್ತಿ ಒದ್ದೆ ಮಾಡಿಕೊಂಡು ಕೆಮ್ಮಣ್ಣನ್ನೆಲ್ಲ ಒರೆಸುತ್ತಾ ನಿನ್ನತ್ತೆಗೆ ಹೇಳಿದರು, “ಅಮ್ಮ ಹೋದ್ಲು ಅಂತ ನೀವು ಎಡೆ ಇಟ್ಟು ಕಳಿಸಿದ್ರಿ ಅಲ್ವಾ ಅಜ್ಜಿ? ಅವಳು ಎಲ್ಲೂ ಹೋಗಿಲ್ಲ. ಆ ವೈರಸ್ಸು ನರದ ಬುಡದಲ್ಲಿ ಮಲಗಿತ್ತು. ಮೈಯಲ್ಲಿ ಕಾವಲು ಕಮ್ಮಿ ಆಗಿದ್ದು ನೋಡಿ ಇದೇ ದಾರೀಲಿ ಎದ್ದು ಬಂದಿದೆ.” ಅಮ್ಮನೂ ಅದೇ, ಸರ್ಪವೂ ಅದೇ ಎಂದು ನಮಗೆ ಗೊತ್ತಾದದ್ದು ಅವತ್ತು. ಈ ಮಕ್ಕಳಿಗೆ ಎಚ್‌ಐವಿಗಿಂತ ಹೀಗೆ ಸಂದು ನೋಡಿಕೊಂಡು ನುಗ್ಗುವ ಬೇರೆ ಸೋಂಕುಗಳೇ ದೊಡ್ಡ ಶತ್ರು, ಎಲ್ಲ ಮಕ್ಕಳನ್ನೂ ಬಂದು ಮಾತಾಡಿಸಿ ಹೋಗುವ ಕಾಯಿಲೆ ಇವರ ಮನೆಯಲ್ಲಿ ಠಿಕಾಣಿ ಹೂಡುತ್ತದೆ ಎಂದರು. ಗುಳ್ಳೆಗೆ ಬೇರೆ ಮಾತ್ರೆ ಕೊಟ್ಟರು, ದಿನಕ್ಕೆ ನಾಲ್ಕು ಸಲ. ಈಗ ಗುಳ್ಳೆ ಒಣಗಿವೆ, ಉರಿ ಮಾತ್ರ ಇನ್ನೂ ಇದೆ, ಅಂಗಿ ತಾಕಿದರೂ ಮುಖ ಕಿವುಚುತ್ತಾಳೆ. ಅದಕ್ಕೆ ನಿನ್ನ ಹಳೆಯ ವಾಯಿಲ್ ಸೀರೆಯೊಂದನ್ನು ಕತ್ತರಿಸಿ ನಿನ್ನತ್ತೆ ಅವಳಿಗೆ ಸಡಿಲ ಅಂಗಿ ಹೊಲಿದಿದ್ದಾಳೆ. ನೀಲಿ ಹೂವಿನದು, ಬೈಯಬೇಡ.

ಅವತ್ತೇ ರಕ್ತವನ್ನೂ ತೆಗೆದುಕೊಂಡಿದ್ದರು. ರಿಪೋರ್ಟು ಮೊನ್ನೆ, ಹದಿನೆಂಟನೇ ತಾರೀಖು ಸಿಕ್ಕಿತು. ಜನವರಿಯಲ್ಲಿ ಆರುನೂರಿಪ್ಪತ್ತು ಇದ್ದ ಸಿಡಿ ಫೋರು, ಅದೇ ಆ ಮೈಕಾವಲಿನ ಲೆಕ್ಕ, ಈಗ ನೂರಾತೊಂಬತ್ತು. ಡಾಕ್ಟರಮ್ಮ ಅದನ್ನು ಜನವರಿಯ ರಿಪೋರ್ಟಿನ ಪಕ್ಕ ಇಟ್ಟು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, “ಮೇಷ್ಟ್ರೇ, ನಿಜ ಹೇಳಿ. ನಡುವೆ ಮಾತ್ರೆ ಏನಾದ್ರೂ ತಪ್ಪಿತ್ತಾ? ನಾನು ಬೈಯಲ್ಲ. ತಪ್ಪಿದ್ರೆ ಇದೇ ಮಾತ್ರೆ ಸರಿಯಾಗಿ ಕೊಟ್ಟು, ಮತ್ತೆ ರಕ್ತ ನೋಡೋಣ. ತಪ್ಪಿಲ್ಲ ಅಂದ್ರೆ ಈ ಮಾತ್ರೆ ಮಗುವಿಗೆ ಕೆಲ್ಸ ಮಾಡ್ತಾ ಇಲ್ಲ ಅಂತ ಅರ್ಥ. ಬೇರೆ ಸಾಲಿನ ಔಷಧಿಗೆ ಹೋಗ್ಬೇಕಾಗುತ್ತೆ.” ಆ ಬೇರೆ ಸಾಲಿನದು ಇಲ್ಲಿ ಸಿಗುವುದಿಲ್ಲವಂತೆ, ಬೆಂಗಳೂರಿಗೆ ಬರೆದು ಕೇಳಬೇಕಂತೆ. ಅದು ಮುಗಿದರೆ ಅದರಾಚೆಗೆ ಮಕ್ಕಳಿಗೆ ಕೊಡಲು ಸದ್ಯಕ್ಕೆ ಅವರ ಕೈಯಲ್ಲಿ ಇನ್ನೊಂದಿಲ್ಲವಂತೆ. ಎಂಟು ವರ್ಷಕ್ಕೇ ಅದನ್ನು ಖರ್ಚು ಮಾಡಿಕೊಂಡರೆ ಹದಿನೆಂಟಕ್ಕೆ ಏನು, ಇಪ್ಪತ್ತೆಂಟಕ್ಕೆ ಏನು?

ನಾನು “ಒಂದೂ ತಪ್ಪಿಲ್ಲ ಮೇಡಂ” ಎಂದುಬಿಟ್ಟೆ. ನಿನ್ನತ್ತೆ ಪಕ್ಕದಲ್ಲೇ ಸೆರಗಿನ ತುದಿ ಹಿಡಿದುಕೊಂಡು ಕೂತಿದ್ದಳು. ಏನೋ ಹೇಳಲು ಬಾಯಿ ತೆರೆದಳು, ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಕೌನ್ಸೆಲರ್ ಮೇಡಂ ತಮ್ಮ ಪುಸ್ತಕ ತೆಗೆದು, ಈ ತಾತನ ಎಣಿಕೆ ಯಾವತ್ತೂ ಸರಿ ಇರುತ್ತದೆ ಎಂದು ಸಾಕ್ಷಿಯನ್ನೂ ಹೇಳಿದರು. ಬರುವ ಸೋಮವಾರ, ಇಪ್ಪತ್ತೈದನೇ ತಾರೀಖು ಹನ್ನೊಂದು ಗಂಟೆಗೆ ಮಗುವನ್ನು ಕರೆದುಕೊಂಡು ಬನ್ನಿ, ಬೆಂಗಳೂರಿಗೆ ಕಾಗದ ಹಾಕುತ್ತೇನೆ ಎಂದರು ಡಾಕ್ಟರಮ್ಮ. ಬಸ್ಸಿನಲ್ಲಿ ತನು ಕಿಟಕಿಯಲ್ಲಿ ಕಂಡ ಲಾರಿಗಳ ಬಣ್ಣ ಹೇಳುತ್ತಾ ಬಂದಳು.

ನನಗೆ ಯಾರ ಮೇಲೆ ಸಿಟ್ಟು ಎಂದು ಕೇಳು, ಎಲ್ಲರ ಮೇಲೂ ಸಿಟ್ಟು. ಕೈ ತೊಳೆದುಕೊಂಡ ಆ ಗುಬ್ಬಿಯವರ ಮೇಲೆ ಸಿಟ್ಟು. ಮುಖದ ಕಲೆಯ ನೆಪ ಹೇಳಿ ಜುಲೈ ಮುಗಿಯುವವರೆಗೆ ಸ್ಕೂಲಿಗೆ ಬೇಡ ಎಂದು ಚೀಟಿ ಕಳಿಸಿದ ಹೆಡ್‌ಮಿಸ್ ಮೇಲೆ ಸಿಟ್ಟು. ಬೇರೆ ಮಕ್ಕಳ ಮುಖದಲ್ಲೂ ಅದೇ ಕಲೆ ಇದೆ, ಅವರಿಗೆ ಇಲ್ಲದ ಚೀಟಿ ಇವಳಿಗೆ ಯಾಕೆ? ಏನೂ ಹೇಳದೆ ಈ ಕಾಯಿಲೆಯನ್ನು ಮನೆಗೆ ತಂದಿಟ್ಟು ತಣ್ಣಗೆ ಹೋಗಿಬಿಟ್ಟ ನನ್ನ ಮಗನ ಮೇಲೂ ಸಿಟ್ಟು, ನನ್ನ ಬಾಯಲ್ಲಿ ಇದು ಬರಬಾರದಿತ್ತು. ಬೇವು ಯಾವುದಕ್ಕೆ, ಮಾತ್ರೆ ಯಾವುದಕ್ಕೆ ಎಂದು ಗೊತ್ತಿಲ್ಲದ ನಿನ್ನತ್ತೆಯ ಮೇಲಂತೂ ಹೇಳತೀರದಷ್ಟು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಏನೋ ಮಾಡಲು ಹೋಗಿ ಈಗ ಹಾವು ಮಗುವಿನ ಪಕ್ಕೆಯ ಮೇಲಿದೆ. ನಿಜ ಹೇಳಿದರೆ ನಿನ್ನತ್ತೆ ಆಸ್ಪತ್ರೆಯವರ ಬಾಯಿಗೆ ಬೀಳುತ್ತಾಳೆ, ಹೇಳದಿದ್ದರೆ ಮಗುವಿನ ಔಷಧಿ ದಾರಿ ತಪ್ಪುತ್ತದೆ. ಏನು ಮಾಡಲಿ ಹೇಳು. ನೀನು ಓದಿದವಳು, ಇಂಥದ್ದಕ್ಕೇ ಟ್ರೈನಿಂಗ್ ತೆಗೆದುಕೊಳ್ಳುತ್ತಿರುವವಳು. ನಿನ್ನ ಉತ್ತರ ಸೋಮವಾರದೊಳಗೆ ಬರುತ್ತದೋ ಇಲ್ಲವೋ, ಅಂತೂ ನಾಳೆ ನಾನೇ ಗುಬ್ಬಿಗೆ ಹೋಗಿ ಇದನ್ನು ಸ್ಪೀಡ್ ಪೋಸ್ಟ್ ಮಾಡುತ್ತೇನೆ.

ನಿನ್ನ ಮಗಳ ಸಮಾಚಾರ ಬರೆಯದೆ ಮುಗಿಸಿದರೆ ನೀನು ಊಟ ಬಿಡುತ್ತೀಯ. ತೂಕ ಹದಿನೇಳು ಕೆಜಿ, ಜೂನಿಗಿಂತ ಒಂದು ಕೆಜಿ ಕಮ್ಮಿ. ಹಸಿವು ಈಗ ಪರವಾಗಿಲ್ಲ, ನಿನ್ನೆ ಹುರುಳಿಕಾಳಿನ ಬಸ್ಸಾರಿನಲ್ಲಿ ಅರ್ಧ ಮುದ್ದೆ ಉಂಡಳು. ಮೇಲಿನ ಎರಡು ಹಲ್ಲು ಬಿದ್ದಿವೆ, ಸಾಸಿವೆ ಎಂದರೆ ಬಾಯಿಂದ ಗಾಳಿ ಬರುತ್ತದೆ, ಅದನ್ನೇ ಹತ್ತು ಸಲ ಹೇಳಿ ನಗುತ್ತಾಳೆ. ನಿನ್ನಣ್ಣ ಕನಕರಾಜು ಹುತ್ರಿದುರ್ಗದಿಂದ ಬಂದು ನೋಡಿಕೊಂಡು ಹೋದ. ಬಂದವನು ಒಂದು ಚೀಲ ಹಲಸಂದೆಕಾಯಿ ತಂದಿದ್ದ, ಮಗುವನ್ನು ತೊಡೆಯಿಂದ ಇಳಿಸಲೇ ಇಲ್ಲ, ಒಂದೇ ತಟ್ಟೆಯಲ್ಲಿ ಉಂಡ. ಅಷ್ಟು ಹೊತ್ತು ನನ್ನ ಸಿಟ್ಟಿಗೂ ಬಿಡುವು ಸಿಕ್ಕಿತ್ತು. ತನು ನಿನಗೆಂದು ಒಂದು ಚಿತ್ರ ಬರೆದಿದ್ದಾಳೆ, ಮಡಚಿ ಒಳಗಿಟ್ಟಿದ್ದೇನೆ. ಜಡೆ ಇರುವುದು ನೀನಂತೆ, ಕೋಲು ಹಿಡಿದಿರುವುದು ನಾನಂತೆ. ನನ್ನ ಕೈಯಲ್ಲಿ ಕೋಲು ಯಾಕೆ ಎಂದರೆ, “ತಾತ ಯಾವಾಗ್ಲೂ ಬೈತಾ ಇರ್ತದಲ್ಲ, ಅದುಕ್ಕೆ” ಎಂದಳು.

ಮೈಕೈ ನೋಡಿಕೋ. ಹೊತ್ತು ಹೊತ್ತಿಗೆ ಉಣ್ಣು. ನಿನ್ನ ಜೊತೆಯ ಹೆಣ್ಣುಮಕ್ಕಳಿಗೆಲ್ಲ ಈ ಮುದುಕ ಕೇಳಿದನೆಂದು ಹೇಳು. ನಿನಗೆ ಆಯುಸ್ಸೂ ಆರೋಗ್ಯವೂ ದಂಡಿಯಾಗಿ ಸಿಗಲಿ, ಹಿಡಿದ ಕೆಲಸ ಕೈಗೂಡಲಿ ಎಂದು ಇಬ್ಬರೂ ಹರಸುತ್ತೇವೆ.

ಇಂತಿ ನಿನ್ನ ಮಾವ,
ವೆಂಕಟರಂಗಯ್ಯ

ತಾ. ಕ.: ಗುರುವಾರ ಬೆಳಿಗ್ಗೆ. ಗುಬ್ಬಿ ಬಸ್ಸಿಗೆ ಇನ್ನು ಕಾಲು ಗಂಟೆ ಇದೆ, ಅಕ್ಷರ ವಕ್ರವಾದರೆ ಸುಧಾರಿಸಿಕೋ. ಈ ಮನೆಯಿಂದ ಹೊರಡುವ ಯಾವ ಕಾಗದವನ್ನೂ ನಿನ್ನತ್ತೆಗೆ ಓದಿ ಹೇಳದೆ ಅಂಟಿಸುವ ಪದ್ಧತಿ ಇಲ್ಲ. ಈಗಷ್ಟೇ ಎಲ್ಲವನ್ನೂ ಓದಿದೆ. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಾ ಕೇಳಿದಳು, ಕೈ ನಿಲ್ಲಿಸಲಿಲ್ಲ. ಮುಗಿದ ಮೇಲೆ ಇಷ್ಟೇ ಹೇಳಿದಳು, “ಹಂಗೇ ಇರ್ಲಿ ಬುಡಿ. ನನ್ ಹೆಸ್ರೇ ಇರ್ಲಿ. ಶಾಂತಲಂಗೆ ನಿಮ್ ಮ್ಯಾಲೆ ಒಂದ್ ನಂಬ್ಕೆ ಐತೆ. ಅದೂ ಹೋದ್ರೆ ಆ ಮಗೀನ ಯಾರ್ ಕೈಲಿ ಬುಟ್ಟು ಕೆಲ್ಸುಕ್ಕೆ ಹೋಗ್ತಾಳೆ?” ಶಾಂತಲಾ, ಮಾತ್ರೆ ನಿಲ್ಲಿಸಿದ್ದು ಅವಳಲ್ಲ. ನಾನು. ಡಬ್ಬ ಎತ್ತಿ ದೇವರ ಗೂಡಿನಲ್ಲಿಟ್ಟವನು ನಾನು, ಉಗ್ರ ಆಗ್ತಾಳೆ ಎಂದವನೂ ನಾನು. ಎರಡನೆಯ ದಿನ ಅವಳು ಅಮ್ಮನಿಗೆ ತಪ್ಪುಕಾಣಿಕೆ ಕಟ್ಟಿ, “ಸೊಸೆ ಹೇಳವ್ಳೆ, ಕೊಟ್ಬುಡಾನ ಕಣ್ರೀ” ಎಂದು ಮಾತ್ರೆ ಕೈಯಲ್ಲಿ ಹಿಡಿದು ಬಂದಿದ್ದಳು. ನಾನು ಕಿತ್ತುಕೊಂಡೆ. ನಿಮಗೆ ಯಾರಿಗೂ ಹೇಳಿಲ್ಲ, ಲಕ್ಷ್ಮೀಕಾಂತನಿಗಿಂತ ಮುಂಚೆ ನಮಗೊಂದು ಹೆಣ್ಣುಕೂಸು ಇತ್ತು. ದಡಾರ ಬಂದಾಗ, ನಿನ್ನತ್ತೆ ಬೇಡ ಬೇಡ ಎಂದರೂ ಕೇಳದೆ ನಾನು ಎತ್ತಿಕೊಂಡು ಹೋಗಿ ಸೂಜಿ ಹಾಕಿಸಿದೆ. ಮೂರನೇ ದಿನ ಹೋಯಿತು. ಸೂಜಿಯಿಂದ ಹೋಗಲಿಲ್ಲ ಎಂದು ನನಗೆ ಗೊತ್ತು, ನಲವತ್ತು ವರ್ಷದಿಂದ ಗೊತ್ತು. ಆದರೂ ತನುವಿನ ರೆಪ್ಪೆ ಅಂಟಿಕೊಂಡದ್ದು ನೋಡಿದ ಮೇಲೆ ಡ್ರಿಲ್ ಮೇಷ್ಟ್ರು ಎಲ್ಲಿ ಹೋದನೋ ಗೊತ್ತಾಗಲಿಲ್ಲ. ಆ ಕೂಸಿನ ವಿಷಯಕ್ಕೆ ನಿನ್ನತ್ತೆ ಒಂದು ದಿನವೂ ನನ್ನನ್ನು ಅಂದವಳಲ್ಲ, ಈಗಲೂ ಅನ್ನುತ್ತಿಲ್ಲ. ಅಂಥವಳ ತಲೆಗೆ ಕಟ್ಟಿ ನಾಲ್ಕು ಹಾಳೆ ಬರೆದಿದ್ದೇನೆ, ಹರಿದು ಬೇರೆ ಬರೆಯಲು ಹೊತ್ತಿಲ್ಲ. ಸೋಮವಾರ ಡಾಕ್ಟರಮ್ಮನಿಗೆ ನಾನೇ ಹೇಳುತ್ತೇನೆ ಎಂದು ಈಗ ಅನ್ನಿಸುತ್ತಿದೆ, ಆದರೆ ಮೊನ್ನೆ ಸೋಮವಾರವೂ ಆಸ್ಪತ್ರೆಯ ಬಾಗಿಲು ದಾಟುವವರೆಗೆ ಹಾಗೇ ಅನ್ನಿಸಿತ್ತು. ಅದಕ್ಕೇ ನನ್ನನ್ನು ನಂಬಬೇಡ. ಈ ಕಾಗದ ಕೈಗೆ ಬಂದ ಕೂಡಲೇ ನೀನೇ ಅವರಿಗೆ ಫೋನು ಮಾಡು. ಒಂಬತ್ತು ದಿನ, ಹದಿನೆಂಟು ಮಾತ್ರೆ, ನಿಲ್ಲಿಸಿದ್ದು ತಾತ, ಅಜ್ಜಿಯಲ್ಲ ಎಂದು ಹೇಳು.